ದಕ್ಷಿಣಕ್ಕೆ ಹೊರಟ ಕುದುರೆಗಳ ಲೆಕ್ಕ

ಕುದುರೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ರೇಸು. ಅದರ ಬೆನ್ನಿಗೇ ಬಾಜಿ. ಈ ಹೊತ್ತು ನಾನು ಹೇಳಹೊರಟಿರುವ ಕುದುರೆಗಳಿಗೂ ಬಾಜಿಗೂ ಯಾವ ನಂಟೂ ಇಲ್ಲ. ಅಮೆರಿಕದಲ್ಲಿ 'ಹಾರ್ಸ್ ಷೋ' ಎಂಬ ಹೆಸರಿನಿಂದ ನಡೆಯುವ ಪಂದ್ಯಗಳು ಬೇರೆಯೇ ಬಗೆಯವು. ಒಂದು ಅಂಗಣ, ಅದರಲ್ಲಿ ಬಣ್ಣದ ಕೋಲುಗಳನ್ನು ಜೋಡಿಸಿ ನಿಲ್ಲಿಸಿದ ಎಂಟು ಹತ್ತು ತಡೆಗಳು. ಸವಾರರು ಒಬ್ಬೊಬ್ಬರಾಗಿ ಒಳಹೊಕ್ಕು, ಗೊತ್ತುಮಾಡಿದ ಅನುಕ್ರಮದಲ್ಲಿ ಆ ತಡೆಗಳನ್ನೆಲ್ಲ ಕುದುರೆಯಿಂದ ಜಿಗಿಸಿ ಹೊರಗೆ ಬರಬೇಕು. 'ಜಂಪರ್' ಎಂಬ ವಿಭಾಗದಲ್ಲಿ ಲೆಕ್ಕಕ್ಕೆ ಬರುವುದು ತಪ್ಪು ಮತ್ತು ವೇಳೆ. ಒಂದು ಕೋಲು ಕೆಳಗೆ ಬಿದ್ದರೆ ನಾಲ್ಕು ತಪ್ಪು. 'ಹಂಟರ್' ಎಂಬ ಇನ್ನೊಂದು ವಿಭಾಗದಲ್ಲಿ ತೀರ್ಪುಗಾರರು ನೋಡುವುದು ಕುದುರೆಯ ನಡೆಯ ಸೊಗಸನ್ನು, ಜಿಗಿತದ ಹದವನ್ನು. ಒಂದು ಸುತ್ತು ಮುಗಿಯಲು ಒಂದೂವರೆ ನಿಮಿಷವೂ ಹಿಡಿಯುವುದಿಲ್ಲ.

ಬಾಜಿ ಇಲ್ಲವೆಂಬ ಈ ಸಂಗತಿ ಚಿಕ್ಕದಾಗಿ ಕಂಡರೂ ಇಡೀ ವ್ಯವಹಾರದ ಸ್ವರೂಪವನ್ನು ಅದೇ ನಿರ್ಧರಿಸುತ್ತದೆ. ರೇಸಿನಲ್ಲಿ ಬಹುಮಾನದ ಒಂದು ಪಾಲಾದರೂ ಕಟಕಟೆಯ ಆಚೆ ನಿಂತು ಪಣ ಕಟ್ಟುವವನ ಜೇಬಿನಿಂದ ಬರುತ್ತದೆ. ಇಲ್ಲಿ ಕಟಕಟೆಯ ಆಚೆ ನಿಂತವನು ಬಹುಮಟ್ಟಿಗೆ ಸವಾರನ ತಾಯಿಯೋ ತಂದೆಯೋ ಆಗಿರುತ್ತಾರೆ. ಅತಿ ದೊಡ್ಡ ಸ್ಪರ್ಧೆಗಳಿಗೆ ಗಡಿಯಾರದ ಕಂಪನಿಗಳೂ ಮೋಟಾರಿನ ಕಂಪನಿಗಳೂ ಪ್ರಾಯೋಜಕರಾಗಿ ಒದಗುವುದುಂಟು. ಉಳಿದಂತೆ ಅಂಗಣದ ಮರಳು, ತೀರ್ಪುಗಾರನ ಸಂಬಳ, ಗೆದ್ದವನಿಗೆ ಕೊಡುವ ರಿಬ್ಬನ್ನು ಇವೆಲ್ಲವೂ ಸ್ಪರ್ಧಿಗಳೇ ತೆತ್ತ ಹಣ. ಸಾವಿರ ಮಂದಿ ಚಂದಾ ಹಾಕಿ ನಡೆಸುವ ಜಾತ್ರೆ ಇದು ಎನ್ನಬಹುದು. ಆದರೆ ಚಂದಾದ ದರವನ್ನು ಗೊತ್ತುಮಾಡುವವನು ಮಾತ್ರ ಜಾತ್ರೆಯ ಯಜಮಾನ.

ಡಿಸೆಂಬರ್ ಕಳೆಯುವ ವೇಳೆಗೆ ಅಮೆರಿಕದ ಉತ್ತರ ಭಾಗದಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಬಯಲಿನಲ್ಲಿ ಜಿಗಿತ ಸಾಧ್ಯವಿಲ್ಲ. ಆಗ ಕುದುರೆಗಳನ್ನು ಲಾರಿಗಳಲ್ಲಿ ಏರಿಸಿ ಬಿಸಿಲಿನ ಕಡೆಗೆ ಕರೆದೊಯ್ಯುತ್ತಾರೆ. ಜನವರಿಯಿಂದ ಮಾರ್ಚ್ ಮುಗಿಯುವವರೆಗೆ ಒಂದೇ ಸ್ಥಳದಲ್ಲಿ ವಾರದ ಮೇಲೆ ವಾರ ನಡೆಯುವ ಪಂದ್ಯಗಳ ಈ ಸರಪಣಿಗೆ 'ಸರ್ಕಿಟ್' ಎಂದು ಹೆಸರು. ಎಲ್ಲಿಗೆ ಹೋಗುವುದು, ಎಲ್ಲಿ ಖರ್ಚು ಕಡಿಮೆ ಎಂಬ ಪ್ರಶ್ನೆ ಪ್ರತಿ ವರ್ಷವೂ ಸಾವಿರಾರು ಸಂಸಾರಗಳನ್ನು ಕಾಡುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವ ರೀತಿಯೇ ತುಸು ದಾರಿ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ಎಲ್ಲರೂ ಮೊದಲು ಹೋಲಿಸುವುದು ಪ್ರವೇಶಶುಲ್ಕವನ್ನು. ಅದು ಅಚ್ಚಾದ ಪಟ್ಟಿಯಲ್ಲಿ ಕಣ್ಣಿಗೆ ಬೀಳುತ್ತದೆ, ಹೋಲಿಸುವುದು ಸುಲಭ. ಪಂದ್ಯದ ಕಚೇರಿಯ ಬಿಲ್ಲಿನಲ್ಲಿ ಅದರ ಜೊತೆಗೆ ಲಾಯದ ಬಾಡಿಗೆ, ಹೆಸರು ನೋಂದಣಿಯ ಹಣ, ಕುದುರೆಗೆ ಮದ್ದು ಕೊಟ್ಟಿಲ್ಲವೆಂದು ಪರೀಕ್ಷಿಸುವ ಶುಲ್ಕ, ಕಚೇರಿಯ ಶುಲ್ಕ ಎಂದು ಇನ್ನೂ ಹಲವು ಬಾಬುಗಳಿರುತ್ತವೆ. ಇಷ್ಟಾದರೂ ಈ ಬಿಲ್ಲು ನಿಜವಾದ ಖರ್ಚಿನ ಒಂದು ಭಾಗ ಮಾತ್ರ. ತರಬೇತುದಾರನ ದಿನಗೂಲಿ, ಲಾಯದಾಳಿನ ಸಂಬಳ ಮತ್ತು ಅವನ ವಸತಿ, ಹಂಟರ್ ಪಂದ್ಯವಾದರೆ ಮುಂಜಾವಕ್ಕೆ ಮುಂಚೆ ಎದ್ದು ಕುದುರೆಯ ಕತ್ತಿನ ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆಯುವವಳ ಕೂಲಿ, ಲಾಳ ಕಟ್ಟುವವನು, ಪಶುವೈದ್ಯ, ಲಾರಿ, ಮನೆಮಂದಿಯ ಹೋಟೆಲು, ಇವು ಯಾವುವೂ ಅದರಲ್ಲಿ ಕಾಣಿಸುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತೇವಲ್ಲ, ಆ ಮಾತು ಇಲ್ಲಿ ಅಕ್ಷರಶಃ ಸತ್ಯ.

ಕುದುರೆಯ ಶರೀರದಿಂದಲೇ ಲೆಕ್ಕವನ್ನು ಆರಂಭಿಸೋಣ. ಐನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು ಹತ್ತು ಕಿಲೋ ಒಣಹುಲ್ಲು ಬೇಕು. ಹನ್ನೆರಡು ವಾರಕ್ಕೆ ಅದು 840 ಕಿಲೋ. ದಿನಕ್ಕೆ ಇಪ್ಪತ್ತು ಕಿಲೋವನ್ನು ಮೀರಿ ಲದ್ದಿ ಹಾಕುತ್ತದೆ. ಹನ್ನೆರಡು ವಾರಕ್ಕೆ ಎರಡು ಟನ್ನಿನ ಹತ್ತಿರ. ಅದರ ಕಾಲಡಿಗೆ ಹಾಸುವ ಮರದ ಹೊಟ್ಟು ಲದ್ದಿಯೊಡನೆ ಸೇರಿ ಹೊರಗೆ ಹೋಗಬೇಕಾದ ರಾಶಿ ಇನ್ನೂ ಬೆಳೆಯುತ್ತದೆ. ಲಾಳಗಳನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಬದಲಿಸಬೇಕು. ಕುದುರೆ ಆ ದಿನ ಅಂಗಣಕ್ಕೆ ಇಳಿಯಲಿ ಬಿಡಲಿ, ಈ ಖರ್ಚು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಒಂದು ಸರ್ಕಿಟ್ಟಿನ ವೆಚ್ಚವೆಂದರೆ ಸ್ಪರ್ಧಿಸುವುದರ ವೆಚ್ಚ ಎನ್ನುವುದಕ್ಕಿಂತ ಒಂದು ದೊಡ್ಡ ಪ್ರಾಣಿಯನ್ನು ಅದರ ಮನೆಯಿಂದ ದೂರದಲ್ಲಿ, ಒಣ ನೆಲದ ಮೇಲೆ, ಆರೋಗ್ಯವಾಗಿ ಇಟ್ಟುಕೊಳ್ಳುವುದರ ವೆಚ್ಚ ಎನ್ನುವುದೇ ಸರಿ. ಊರಿಂದೂರಿಗೆ ಅದು ಬದಲಾಗುವುದು ಆಯಾ ಊರಿನ ನೆಲ, ನೀರು, ಹುಲ್ಲು, ಬಾಡಿಗೆಗಳಿಂದಾಗಿ.

ಫ್ಲಾರಿಡಾ ರಾಜ್ಯದ ದಕ್ಷಿಣದಲ್ಲಿರುವ ವೆಲಿಂಗ್ಟನ್ ಇದಕ್ಕೆ ಅತ್ಯುತ್ತಮ ನಿದರ್ಶನ. ಅದು ಮೂಲತಃ ಜೌಗು ಭೂಮಿ. ಚಾರ್ಲ್ಸ್ ಆಲಿವರ್ ವೆಲಿಂಗ್ಟನ್ ಎಂಬ ಶ್ರೀಮಂತ 1950ರ ದಶಕದಲ್ಲಿ ಅಲ್ಲಿ ಸಾವಿರಾರು ಎಕರೆಯನ್ನು ಕೊಂಡ. ಅವನ ಹೆಸರಿನ ಮೂರು ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ 'ಕೌ' ಎಂದಾಗುತ್ತದೆ. ಅವನು ವಿಮಾನವನ್ನೂ ಹಾರಿಸುತ್ತಿದ್ದನಾಗಿ ತನ್ನ ಜಮೀನಿಗೆ 'ಹಾರುವ ಹಸು' ಎಂದು ಹೆಸರಿಟ್ಟ. ಹಾರುವ ಹಸುವಿನ ರಸ್ತೆ ಇಂದಿಗೂ ಅಲ್ಲಿದೆ. ಕಾಲುವೆ ತೋಡಿ ನೀರು ಬಸಿದ ಆ ನೆಲದಲ್ಲಿ ಮೊದಲು ಸ್ಟ್ರಾಬೆರಿ ಬೆಳೆದರು. 1970ರ ದಶಕದ ಕೊನೆಯಲ್ಲಿ ಪೋಲೋ ಬಂತು, ಅದರ ಬೆನ್ನಿಗೆ ಚಳಿಗಾಲದ ಕುದುರೆ ಉತ್ಸವ ಬಂತು. ಈಗ ಜಿಗಿತದ ಕುದುರೆಗಳಿಗೆ ಚಳಿಗಾಲದ ರಾಜಧಾನಿ ಅದೇ. ಒಂದೇ ಸ್ಪರ್ಧೆಗೆ ಐದು ಲಕ್ಷ ಡಾಲರ್ ಬಹುಮಾನವಿಟ್ಟ ಪಂದ್ಯಗಳು ಅಲ್ಲಿ ನಡೆದಿವೆ. ಜನವರಿಯಲ್ಲಿ ಹಗಲು ಹಿತವಾದ ಬಿಸಿಲು, ಮಳೆಗಾಲ ಮುಗಿದಿರುತ್ತದೆ.

ಹಿತವಾದ ಬಿಸಿಲಿರುವ ಕಡೆ ಹಣವಂತರು ಮನೆ ಕಟ್ಟುವುದು ಸಹಜ. ಚಳಿಗಾಲದಲ್ಲಿ ಅಲ್ಲಿಯ ಮನೆ ಬಾಡಿಗೆಯಾಗಲಿ ಲಾಯದ ಬಾಡಿಗೆಯಾಗಲಿ ಸಾಮಾನ್ಯ ಸಂಬಳದವನ ಕೈಗೆ ಎಟುಕುವಂಥದಲ್ಲ. ಅಂಗಣಕ್ಕೆ ನಡೆದು ಹೋಗಬಹುದಾದ ದೂರದಲ್ಲಿ ಒಂದು ಕುದುರೆ ನಿಲ್ಲುವಷ್ಟು ಜಾಗಕ್ಕೆ ಮೂರು ತಿಂಗಳಿಗೆ ಹತ್ತು ಸಾವಿರ ಡಾಲರನ್ನು ಮೀರಿ ಕೇಳುವುದು ಅಲ್ಲಿ ಯಾರನ್ನೂ ಬೆರಗುಗೊಳಿಸುವ ಸಂಗತಿಯಲ್ಲ. ಇದರ ಮೇಲೆ ಲದ್ದಿಯ ಪ್ರಶ್ನೆ. ವೆಲಿಂಗ್ಟನ್ನಿನ ಪಕ್ಕದಲ್ಲೇ ಎವರ್‌ಗ್ಲೇಡ್ಸ್ ಎಂಬ ವಿಶಾಲ ಜೌಗು ಪ್ರದೇಶವಿದೆ. ಅಲ್ಲಿಯ ಹುಲ್ಲು, ಹಕ್ಕಿ, ಮೀನುಗಳೆಲ್ಲ ಬಹಳ ಕಡಿಮೆ ರಂಜಕವಿರುವ ನೀರಿಗೆ ಹೊಂದಿಕೊಂಡು ಬೆಳೆದವು. ಅದನ್ನು ಉಳಿಸಲೆಂದು 1994ರಲ್ಲಿ ಫ್ಲಾರಿಡಾ ಒಂದು ಕಾಯಿದೆ ಮಾಡಿತು. ನೀರಿನಲ್ಲಿ ರಂಜಕದ ಪ್ರಮಾಣ ನೂರು ಕೋಟಿಯಲ್ಲಿ ಹತ್ತು ಭಾಗವನ್ನು ಮೀರಬಾರದೆಂಬುದು ಅದರಿಂದ ಹೊರಟ ಗುರಿ. ಲದ್ದಿಯಲ್ಲಿ ರಂಜಕ ಹೇರಳ. ಹೀಗಾಗಿ ಅದನ್ನು ಎಲ್ಲೆಂದರಲ್ಲಿ ಸುರಿಯುವಂತಿಲ್ಲ. ಕಟ್ಟೆ ಕಟ್ಟಿದ ಗುಂಡಿಯಲ್ಲಿ ಕೂಡಿಟ್ಟು, ನೋಂದಾಯಿತ ಲಾರಿಗಳಲ್ಲೇ ಹೊರಗೆ ಸಾಗಿಸಬೇಕು. ನಮ್ಮ ರೈತ ಹಣ ಕೊಟ್ಟು ಕೊಳ್ಳುವ ಗೊಬ್ಬರವನ್ನು ಅಲ್ಲಿಯವರು ಹಣ ಕೊಟ್ಟು ಕಳೆದುಕೊಳ್ಳುತ್ತಾರೆ.

ಅಲ್ಲಿಂದ ಸುಮಾರು 400 ಕಿಲೋಮೀಟರ್ ಉತ್ತರಕ್ಕೆ ಬಂದರೆ ಅದೇ ರಾಜ್ಯದ ಒಕಾಲಾ. ಇಲ್ಲಿ ನೆಲವೇ ಬೇರೆ. ಅಡಿಯಲ್ಲಿ ಸುಣ್ಣಕಲ್ಲು, ಅದರ ಮೇಲೆ ಬೆಳೆದ ಹುಲ್ಲಿನಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶ ಚೆನ್ನಾಗಿರುತ್ತದೆ. ಇದನ್ನು ಮೊದಲು ಅರಿತವರು ರೇಸಿನ ಕುದುರೆಗಳನ್ನು ಸಾಕುವವರು. ಒಕಾಲಾದಲ್ಲಿ ಬೆಳೆದ 'ನೀಡಲ್ಸ್' ಎಂಬ ಕುದುರೆ 1956ರಲ್ಲಿ ಕೆಂಟಕಿ ಡರ್ಬಿಯನ್ನು ಗೆದ್ದ ಮೇಲೆ ಊರಿನ ಸುತ್ತ ನೂರಾರು ಕುದುರೆ ಫಾರಂಗಳು ಎದ್ದವು. ಅಂದರೆ ಕುದುರೆಗೆ ಬೇಕಾದ ಪರಿಕರಗಳೂ ಕೆಲಸ ಬಲ್ಲ ಜನರೂ ಆ ಊರಿನಲ್ಲಿ ಪಂದ್ಯ ಬರುವುದಕ್ಕೆ ಮುಂಚೆಯೇ ಇದ್ದರು. ಭೂಮಿಯ ಬೆಲೆ ವೆಲಿಂಗ್ಟನ್ನಿನಷ್ಟಿಲ್ಲ. 2021ರಲ್ಲಿ ಲಾರಿ ಸಾಗಣೆಯ ಉದ್ಯಮದಿಂದ ಹಣ ಗಳಿಸಿದ ಒಂದು ಕುಟುಂಬ ಅಲ್ಲಿ 'ವರ್ಲ್ಡ್ ಇಕ್ವೆಸ್ಟ್ರಿಯನ್ ಸೆಂಟರ್' ಎಂಬ ಬೃಹತ್ ಕೇಂದ್ರವನ್ನು ತೆರೆಯಿತು. ಹವಾನಿಯಂತ್ರಿತ ಒಳಾಂಗಣಗಳು, ಅಂಗಣದ ಪಕ್ಕದಲ್ಲೇ ಲಾಯ, ಪಕ್ಕದಲ್ಲೇ ಹೋಟೆಲು. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಹಿಮ ಬೀಳುವ ಮಟ್ಟಿಗೆ ಚಳಿಯಾಗುವುದುಂಟು. ಆದರೆ ಮಳೆ ಬಂದು ಪಂದ್ಯ ನಿಂತಿತು ಎಂಬ ನಷ್ಟವಿಲ್ಲ. ಕುದುರೆಯನ್ನು ಬಾಡಿಗೆ ಲಾಯದಿಂದ ಅಂಗಣಕ್ಕೆ ಸಾಗಿಸುವ ತಾಪತ್ರಯವೂ ಇಲ್ಲ.

ಒಕಾಲಾ ಅಗ್ಗ ಎಂಬ ಮಾತು ಹರಡಿರುವುದು ಇದರಿಂದಲೇ. ಅದು ಹುಸಿಯಲ್ಲ. ಆದರೆ ಒಂದು ಎರಡು ವಾರಕ್ಕೆ ಹೋಗುವವನಿಗೂ ಇಡೀ ಚಳಿಗಾಲ ನಿಲ್ಲುವವನಿಗೂ ಒಂದೇ ಉತ್ತರ ಹೊಂದುವುದಿಲ್ಲ. ಜಾರ್ಜಿಯಾ ರಾಜ್ಯದ ಅಟ್ಲಾಂಟ ನಗರದಲ್ಲಿ, ಶಾಲೆಗೆ ಹೋಗುವ ಮಗಳೂ ಒಂದೇ ಒಂದು ಕುದುರೆಯೂ ಇರುವ ಸಂಸಾರವೊಂದನ್ನು ಕಲ್ಪಿಸಿಕೊಳ್ಳಿ. ಅವರಿಗೆ ಒಕಾಲಾ 565 ಕಿಲೋಮೀಟರಿನಷ್ಟು ದೂರ. ವೆಲಿಂಗ್ಟನ್ 950ಕ್ಕೂ ಮೇಲೆ. ಇನ್ನು ಮುಂದಿನ ಅಂಕಿಗಳು ತರ್ಕಕ್ಕಾಗಿ ನಾನೇ ಇಟ್ಟುಕೊಂಡವು. ಯಾವ ಊರಿನ ದರಪಟ್ಟಿಯೂ ಅಲ್ಲ. ಒಕಾಲಾಗೆ ಹೋಗಿಬರುವ ಸಾಗಣೆ 1,400 ಡಾಲರ್, ಅಲ್ಲಿಯ ವಾರದ ಸಕಲ ಖರ್ಚು 2,200 ಎಂದಿರಲಿ. ವೆಲಿಂಗ್ಟನ್ನಿಗೆ ಸಾಗಣೆ 2,400, ವಾರದ ಖರ್ಚು 3,000. ವಾರಕ್ಕೆ ನಾಲ್ಕು ಸುತ್ತು.

ಎರಡು ವಾರ ಇರುವುದಾದರೆ ಒಕಾಲಾದಲ್ಲಿ ಒಂದು ಸುತ್ತಿಗೆ 725 ಡಾಲರ್, ವೆಲಿಂಗ್ಟನ್ನಿನಲ್ಲಿ 1,050. ಒಕಾಲಾ ಅಗ್ಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಗಳ ಶಾಲೆ ತಪ್ಪದಿರಲೆಂದು ಒಂದು ವಾರ ಹೋಗಿ, ಕುದುರೆಯೊಡನೆ ಮನೆಗೆ ಮರಳಿ, ತಿಂಗಳು ಕಳೆದು ಮತ್ತೆ ಹೋದರೆ? ಪ್ರತಿ ಬಾರಿಯೂ ಸಾಗಣೆಯ ಹಣವನ್ನು ಹೊಸದಾಗಿ ತೆರಬೇಕು. ಆಗ ಒಕಾಲಾದ ಸುತ್ತು 900 ಡಾಲರಿಗೆ ಏರುತ್ತದೆ. ಇತ್ತ ವೆಲಿಂಗ್ಟನ್ನಿನಲ್ಲಿ ಹನ್ನೆರಡು ವಾರ ತಳವೂರಿದವನಿಗೆ ಒಂದು ಸುತ್ತು 800ಕ್ಕೇ ಬೀಳುತ್ತದೆ. ಅಗ್ಗದ ಊರಿಗೆ ಹೋಗಿಬರುವ ಮಧ್ಯಮ ವರ್ಗದವನು ದುಬಾರಿ ಊರಿನಲ್ಲಿ ನೆಲೆನಿಂತ ಸಿರಿವಂತನಿಗಿಂತ ಪ್ರತಿ ಜಿಗಿತಕ್ಕೂ ಹೆಚ್ಚು ತೆರುತ್ತಾನೆ. ಒಟ್ಟು ಮೊತ್ತದಲ್ಲಿ ಸಿರಿವಂತನ ಖರ್ಚು 38,400 ಡಾಲರ್ ಆಗಿರುತ್ತದೆ, ನಿಜ. ಅಷ್ಟು ಹಣವನ್ನೂ ಹನ್ನೆರಡು ವಾರದ ಬಿಡುವನ್ನೂ ಒಟ್ಟಿಗೆ ಹೊಂದಿಸಬಲ್ಲವನಿಗೆ ಮಾತ್ರ ಆ ರಿಯಾಯಿತಿ ದೊರೆಯುತ್ತದೆ ಎಂಬುದೇ ಇಲ್ಲಿ ಗಮನಿಸಬೇಕಾದದ್ದು.

ಈ ಲೆಕ್ಕದೊಳಗೆ ಒಂದು ಅಪಾಯವೂ ಅಡಗಿದೆ. ವಾರಕ್ಕೆ ನಾಲ್ಕರ ಬದಲು ಆರು ಸುತ್ತು ಓಡಿಸಿದರೆ ಪ್ರವೇಶಶುಲ್ಕ ಮಾತ್ರ ತುಸು ಹೆಚ್ಚುತ್ತದೆ. ಲಾಯ, ಹುಲ್ಲು, ಲಾರಿ ಎಲ್ಲವೂ ಇದ್ದಷ್ಟೇ. ಮುನ್ನೂರು ಡಾಲರ್ ಹೆಚ್ಚಿತೆಂದರೂ ಹನ್ನೆರಡು ವಾರದ ಕೊನೆಗೆ ಒಂದು ಸುತ್ತಿನ ವೆಚ್ಚ 800ರಿಂದ 583ಕ್ಕೆ ಇಳಿಯುತ್ತದೆ. ಇಷ್ಟು ಖರ್ಚು ಮಾಡಿ ಬಂದಿದ್ದೇವೆ, ಇನ್ನೆರಡು ಸುತ್ತು ಆಗಲಿ ಎಂಬ ಮಾತು ಪ್ರತಿ ಸರ್ಕಿಟ್ಟಿನಲ್ಲೂ ಕೇಳಿಬರುತ್ತದೆ. ವರ್ಷದ ಕೊನೆಯ ಶ್ರೇಯಾಂಕಕ್ಕೆ ಅಂಕ ಕೂಡಿಹಾಕಬೇಕಾದವರಿಗಂತೂ ಈ ಸೆಳೆತ ಇಮ್ಮಡಿ. ಕಾಗದದ ಮೇಲೆ ಉಳಿತಾಯವಾದದ್ದು ನಿಜವಾಗಿ ಎಲ್ಲಿಂದ ಬಂತು? ಹತ್ತು ತಡೆಗಳ ಸುತ್ತಾದರೆ 480 ಜಿಗಿತ ಇದ್ದದ್ದು 720 ಆಯಿತು. ಅಭ್ಯಾಸದ ಜಿಗಿತಗಳು ಬೇರೆ. ಪ್ರತಿ ಬಾರಿ ನೆಲಕ್ಕೆ ಇಳಿಯುವಾಗಲೂ ಅಷ್ಟು ದೊಡ್ಡ ಶರೀರದ ಭಾರವೆಲ್ಲ ಮೊದಲು ಬೀಳುವುದು ಮುಂಗಾಲುಗಳ ಮೇಲೆ. ಮುಂಗಾಲಿನ ಸ್ನಾಯುರಜ್ಜು ಹರಿದ ಕುದುರೆ ಚೇತರಿಸಿಕೊಳ್ಳಲು ಹಲವು ತಿಂಗಳು ಬೇಕು. ಕೆಲವೊಮ್ಮೆ ಹಿಂದಿನ ಮಟ್ಟಕ್ಕೆ ಮರಳುವುದೇ ಇಲ್ಲ. ಬಿಲ್ಲಿನಲ್ಲಿ ಕಾಣಿಸದ ಆ ಬಾಬನ್ನು ಕುದುರೆ ತನ್ನ ಕಾಲಿನಿಂದ ತೀರಿಸುತ್ತದೆ. ವೆಚ್ಚವನ್ನು ಹೋಲಿಸುವವರು ಸುತ್ತಿನ ದರವನ್ನು ಕೊನೆಯ ಅಳತೆಗೋಲೆಂದು ಹಿಡಿಯಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ. ಮೊದಲು ಕುದುರೆ ಎಷ್ಟು ಜಿಗಿಯಬಹುದೆಂಬುದನ್ನು ನಿಶ್ಚಯಿಸಬೇಕು. ಆ ಸಂಖ್ಯೆಯನ್ನು ಬದಲಿಸದೆ ಊರುಗಳನ್ನು ಹೋಲಿಸಬೇಕು.

ಇಷ್ಟು ದುಬಾರಿಯಾದರೆ ಪಕ್ಕದಲ್ಲೇ ಇನ್ನೊಬ್ಬರು ಅಗ್ಗದ ಪಂದ್ಯ ನಡೆಸಬಾರದೇಕೆ ಎಂದು ತಮಗೆ ಅನ್ನಿಸಬಹುದು. ಅದಕ್ಕೆ ಅಡ್ಡಬಂದದ್ದು ರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ಒಂದು ನಿಯಮ: ಒಂದೇ ದರ್ಜೆಯ ಎರಡು ಪಂದ್ಯಗಳು ಒಂದೇ ದಿನಗಳಂದು ಇಂತಿಷ್ಟು ಮೈಲಿಗಿಂತ ಹತ್ತಿರದಲ್ಲಿ ನಡೆಯುವಂತಿಲ್ಲ. ಫ್ಲಾರಿಡಾದಲ್ಲಿ ಪಂದ್ಯ ನಡೆಸಬಯಸಿದ ಸಂಸ್ಥೆಯೊಂದು, ಇದು ಏಕಸ್ವಾಮ್ಯವನ್ನು ಪೋಷಿಸುವ ನಿಯಮವೆಂದು ನ್ಯಾಯಾಲಯಕ್ಕೆ ಹೋಯಿತು. 2006ರಲ್ಲಿ ಸಂಯುಕ್ತ ಸರ್ಕಾರದ ಮೇಲ್ಮನವಿ ನ್ಯಾಯಾಲಯ ಒಕ್ಕೂಟದ ಪರವಾಗಿ ತೀರ್ಪಿತ್ತಿತು. ಪಂದ್ಯಗಳ ದಿನಾಂಕಗಳು ಒಂದಕ್ಕೊಂದು ತಾಕಲಾಡದಂತೆ ನೋಡಿಕೊಳ್ಳುವ ಹೊಣೆಯನ್ನು ಕಾಯಿದೆಯೇ ಒಕ್ಕೂಟಕ್ಕೆ ವಹಿಸಿರುವುದರಿಂದ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ಅನ್ವಯಿಸದೆಂಬುದು ಆ ತೀರ್ಪಿನ ಸಾರ. ಪಂದ್ಯಗಳು ಚೂರುಚೂರಾಗಿ ಮಟ್ಟ ಕುಸಿಯಬಾರದೆಂಬ ವಾದದಲ್ಲಿ ಹುರುಳಿದೆ. ಆದರೆ ಎದುರಂಗಡಿ ಇಲ್ಲದ ಬೀದಿಯಲ್ಲಿ ದರ ಇಳಿಯುವುದನ್ನು ಯಾರೂ ಕಂಡಿಲ್ಲ.

ಅಮೆರಿಕದ ಪಶ್ಚಿಮದಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಅಂಚಿನಲ್ಲಿ, ಖರ್ಜೂರದ ತೋಪುಗಳ ನಡುವೆ, ಥರ್ಮಲ್ ಎಂಬ ಊರಿದೆ. ಲಾಸ್ ಏಂಜಲೀಸಿನಿಂದ 230 ಕಿಲೋಮೀಟರ್. ಆ ಕಡೆಯವರಿಗೆ ಅರ್ಧ ದಿನದ ದಾರಿ. ನಮ್ಮ ರೈತರು 'ಕುದುರೆ ಮಸಾಲೆ' ಎಂದು ಕರೆಯುವ ಲೂಸರ್ನ್ ಸೊಪ್ಪನ್ನು ಕೊಲರಾಡೊ ನದಿಯ ನೀರಿನಿಂದ ಅಪಾರವಾಗಿ ಬೆಳೆಯುವ ಇಂಪೀರಿಯಲ್ ಕಣಿವೆ ಅದಕ್ಕೆ ನೆರೆಯದು. ಮೇವು ಹತ್ತಿರದಿಂದಲೇ ಬರುತ್ತದೆ. ಫ್ಲಾರಿಡಾದವರು ಒಳ್ಳೆಯ ಒಣಹುಲ್ಲನ್ನು ಉತ್ತರದ ರಾಜ್ಯಗಳಿಂದ ತರಿಸುವುದನ್ನು ನೆನೆದರೆ ಇದು ಸಣ್ಣ ಅನುಕೂಲವಲ್ಲ. ಆದರೆ ಬಾಸ್ಟನ್ನಿನವನಿಗೆ ಈ ಅಗ್ಗದ ಮೇವಿನಿಂದ ಪ್ರಯೋಜನವೇನು? ಲಾರಿ 4,500 ಕಿಲೋಮೀಟರ್ ಓಡಬೇಕು. ಮಿಸಿಸಿಪಿಯ ಗಲ್ಫ್‌ಪೋರ್ಟ್, ದಕ್ಷಿಣ ಕೆರೊಲೀನಾದ ಏಕನ್ ಮೊದಲಾದ ಊರುಗಳಲ್ಲೂ ಚಳಿಗಾಲದ ಕುದುರೆ ಚಟುವಟಿಕೆಗೆ ಹಳೆಯ ಪರಂಪರೆಯಿದೆ. ಬಾಡಿಗೆ ಅಲ್ಲಿ ಹಗುರ, ಆಡಂಬರವೂ ಹಗುರ. ಬೆಳೆಯುತ್ತಿರುವ ಕುದುರೆಗೂ ಕಲಿಯುತ್ತಿರುವ ಸವಾರನಿಗೂ ಅಷ್ಟು ಸಾಕೆಂದು ನನಗೆ ತೋರುತ್ತದೆ.

ಯೂರೋಪಿನಲ್ಲಿ ಉತ್ತರದವರು ಇಳಿದು ಬರುವುದು ಸ್ಪೇನಿನ ವೆಹೆರ್, ಒಲೀವಾ, ಪೋರ್ಚುಗಲ್ಲಿನ ವಿಲಮೋರಾ ಮುಂತಾದ ಊರುಗಳಿಗೆ. ಜರ್ಮನಿಯಿಂದ ವೆಹೆರ್‌ಗೆ ಲಾರಿ ಹೆಚ್ಚುಕಡಮೆ 2,500 ಕಿಲೋಮೀಟರ್ ಓಡಬೇಕು. ಆದರೂ ಹೋಗುವವರು ಅನೇಕರು, ಅವರಲ್ಲಿ ಕುದುರೆ ವ್ಯಾಪಾರಿಗಳೂ ಸಾಕಷ್ಟು ಮಂದಿ. ಐದು, ಆರು, ಏಳು ವರ್ಷದ ಎಳೆಯ ಕುದುರೆಗಳಿಗೆಂದೇ ಅಲ್ಲಿ ಪ್ರತ್ಯೇಕ ಸ್ಪರ್ಧೆಗಳಿವೆ. ಹತ್ತು ಕುದುರೆ ಒಯ್ದು ಎರಡನ್ನು ಒಳ್ಳೆಯ ಬೆಲೆಗೆ ಮಾರಿದವನಿಗೆ ಪ್ರವಾಸದ ಖರ್ಚು ಅಂಗಡಿಯ ಬಾಡಿಗೆಯಿದ್ದಂತೆ. ಮಾರಲು ಏನೂ ಇಲ್ಲದೆ ಕಲಿಯಲೆಂದು ಹೋದವನಿಗೆ ಅದೇ ಖರ್ಚು ಶುದ್ಧ ವ್ಯಯ. ಬ್ರಿಟನ್ನಿನವರಿಗೆ 2021ರ ಜನವರಿಯಿಂದ, ಯೂರೋಪಿನ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದ ಫಲವಾಗಿ, ಆರೋಗ್ಯಪತ್ರ, ಸುಂಕದ ಕಾಗದ, ಗಡಿಯಲ್ಲಿ ಕಾಯುವಿಕೆ ಎಲ್ಲವೂ ಸೇರಿಕೊಂಡವು. ಅದೇ ವರ್ಷದ ಫೆಬ್ರವರಿಯಲ್ಲಿ ಸ್ಪೇನಿನ ವಲೆನ್ಸಿಯಾದ ಪಂದ್ಯದಲ್ಲಿ ಕುದುರೆಗಳಿಗೆ ಹರ್ಪೀಸ್ ಸೋಂಕು ತಗಲಿ ನರಗಳಿಗೆ ಏರಿತು. ಹತ್ತಕ್ಕೂ ಹೆಚ್ಚು ಕುದುರೆಗಳು ಸತ್ತವು. ಯೂರೋಪಿನ ಬಹುಭಾಗದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳನ್ನು ವಾರಗಟ್ಟಲೆ ನಿಲ್ಲಿಸಬೇಕಾಯಿತು. ನೂರಾರು ಕುದುರೆಗಳನ್ನು ಒಂದೇ ಚಪ್ಪರದಡಿ ವಾರಗಟ್ಟಲೆ ಕೂಡಿಡುವ ಪದ್ಧತಿಗೆ ಅಂಟಿಕೊಂಡೇ ಬರುವ ಖರ್ಚು ಇದು.

ಎಲ್ಲಿಗೂ ಹೋಗದೆ ಇರುವ ದಾರಿಯೂ ಒಂದುಂಟು. ಜರ್ಮನಿ, ಹಾಲೆಂಡುಗಳಲ್ಲಿ ಊರೂರಿಗೂ ಸವಾರಿ ಸಂಘ, ಸಂಘಕ್ಕೊಂದು ಸೂರಿರುವ ಅಂಗಣ. ಶನಿವಾರ ಬೆಳಗ್ಗೆ ಕುದುರೆಯನ್ನು ಗಾಡಿಗೆ ಏರಿಸಿ, ಒಂದು ಗಂಟೆಯ ದಾರಿ ಹೋಗಿ, ಎರಡು ಸುತ್ತು ಜಿಗಿದು ಸಂಜೆಗೆ ಮನೆಯ ಲಾಯದಲ್ಲಿ ಕಟ್ಟಬಹುದು. ಪ್ರವೇಶಶುಲ್ಕ ಕೆಲವೇ ಹತ್ತು ಯೂರೋಗಳಷ್ಟು. ಆ ದೇಶಗಳಲ್ಲಿ ಸಾಧಾರಣ ಮನೆಗಳ ಮಕ್ಕಳೂ ಒಳ್ಳೆಯ ಸವಾರರಾಗಿ ಹೊಮ್ಮುವುದರಲ್ಲಿ ಈ ಸೂರುಗಳ ಪಾತ್ರ ದೊಡ್ಡದು.

ನಮ್ಮ ಸವಾರರ ಸ್ಥಿತಿ ಇವೆಲ್ಲಕ್ಕಿಂತ ವಿಲಕ್ಷಣವಾದದ್ದು. ಬೆಂಗಳೂರಿನಲ್ಲಿ ಹನ್ನೆರಡು ತಿಂಗಳೂ ಸವಾರಿಗೆ ಒಪ್ಪುವ ಹವೆಯಿದೆ. ಚಳಿಗೆ ಹೆದರಿ ಓಡಬೇಕಾದ ಕಾರಣವೇ ಇಲ್ಲ. ಆದರೆ ರೋಗ ಹರಡೀತೆಂಬ ಭಯದಿಂದ ಭಾರತದ ಕುದುರೆಗಳಿಗೆ ಹೊರದೇಶಗಳ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. 2018ರ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿ ಗೆದ್ದು, 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಇಪ್ಪತ್ತಮೂರನೆಯವರಾಗಿ ಬಂದ ಬೆಂಗಳೂರಿನ ಫವಾದ್ ಮಿರ್ಜಾ ಅವರು ಜರ್ಮನಿಯಲ್ಲಿ ನೆಲಸಿ ಅಭ್ಯಾಸ ಮಾಡಿದವರು. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳ ಡ್ರೆಸಾಜ್ ಸ್ಪರ್ಧೆಯಲ್ಲಿ ನಮ್ಮ ತಂಡ ಚಿನ್ನ ಗೆದ್ದಿತಷ್ಟೆ. 1982ರ ದೆಹಲಿ ಕ್ರೀಡೆಗಳ ಅನಂತರ ಕುದುರೆ ಸವಾರಿಯಲ್ಲಿ ಬಂದ ಮೊದಲ ಚಿನ್ನ ಅದು. ಆ ಕುದುರೆಗಳು ವಿಮಾನ ಹತ್ತಿದ್ದು ಯೂರೋಪಿನಿಂದ. ಅಲ್ಲಿ ವರ್ಷಪೂರ್ತಿ ಲಾಯ ಹಿಡಿಯುವ ಖರ್ಚಿನ ಮುಂದೆ ಮೂರು ತಿಂಗಳ ಸರ್ಕಿಟ್ಟು ಎಷ್ಟರದು? 2025ರ ಜುಲೈನಲ್ಲಿ ಮೀರತ್ತಿನ ಸೈನಿಕ ಪಶುವೈದ್ಯ ಕೇಂದ್ರದ ಒಂದು ಆವರಣವನ್ನು ಕುದುರೆ ರೋಗಗಳಿಂದ ಮುಕ್ತವೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು. ಭಾರತದಲ್ಲಿ ಇಂಥ ಮನ್ನಣೆ ಪಡೆದ ಮೊದಲ ಆವರಣ ಅದು. ನಮ್ಮ ಕುದುರೆ ನಮ್ಮ ನೆಲದಲ್ಲೇ ಬೆಳೆದು ಹೊರದೇಶದ ಅಂಗಣಕ್ಕೆ ಹೋಗಲು ಬೇಕಾದ ಮೊದಲ ಕಾಗದ ಅಲ್ಲಿ ಸಿದ್ಧವಾಗಿದೆ.